ತಿಂಗಳಲ್ಲಿ ಕಾದಂಬರಿ: ಬರೆಯುವ ದಿನಗಳೂ ಬರೆದ ಮೇಲಿನ ದಿನಗಳೂ



ಒಂದೇ ತಿಂಗಳಲ್ಲಿ ಕಾದಂಬರಿಯ ಕರಡು ಬರೆದು ಮುಗಿಸುವ ಪ್ರಯತ್ನಕ್ಕೆ ಸೇಲಂ, ಧರ್ಮಪುರಿ ಕಡೆಯ ನಮ್ಮ ಕೆಲವು ಸದಸ್ಯರು ಕೈ ಹಾಕಿ ಮೂರು ವರ್ಷವಾಯಿತು. ಪ್ರತಿ ಸಲವೂ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಮೊದಲ ವಾರ 'ದಿನಕ್ಕೆ ಎಷ್ಟು ಬರೆಯಬೇಕು?' ಎರಡನೇ ವಾರ 'ಇದೆಲ್ಲ ನಮಗೆ ಬೇಕಾ?' ಮುಗಿದ ಮೇಲೆ 'ಈಗೇನು ಮಾಡುವುದು?' ಕೊನೆಯ ಪ್ರಶ್ನೆ ಕೇಳುವವರ ದನಿ ಮಾತ್ರ ಯಾವಾಗಲೂ ಸ್ವಲ್ಪ ಇಳಿದಿರುತ್ತದೆ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇವೆ. ಹೊಸೂರು, ತಾಳವಾಡಿ, ಕಾಸರಗೋಡು ಕಡೆಯ ಸದಸ್ಯರಿಗೂ ಉಪಯೋಗಕ್ಕೆ ಬರಬಹುದು.

ಈ ಪದ್ಧತಿ ಬಂದ ದಾರಿ

1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 21 ಜನ ಗೆಳೆಯರು, ಕ್ರಿಸ್ ಬೇಟಿ ಎಂಬವರ ಮುಂದಾಳುತನದಲ್ಲಿ, ಒಂದು ತಿಂಗಳಲ್ಲಿ ಒಂದು ಕಾದಂಬರಿ ಎಂದು ಪಣ ತೊಟ್ಟು ಕೂತರು. ಮರುವರ್ಷದಿಂದ ಅದು ನವೆಂಬರ್ ತಿಂಗಳ ಕೆಲಸವಾಯಿತು. 50,000 ಪದ, 30 ದಿನ. ನ್ಯಾನೊರೈಮೊ ಎಂಬ ಹೆಸರಿನಲ್ಲಿ ಜಗತ್ತಿನ ತುಂಬ ಲಕ್ಷಾಂತರ ಜನ ಅದರಲ್ಲಿ ಸೇರಿದರು. 2025ರ ಮಾರ್ಚ್ ಕೊನೆಗೆ ಆ ಸಂಸ್ಥೆ ಮುಚ್ಚುವುದಾಗಿ ತಿಳಿಸಿತು. ಸಂಸ್ಥೆ ಇಲ್ಲದೆ ಹೋದರೆ ನಮ್ಮ ಪ್ರಯತ್ನವೂ ನಿಲ್ಲಬೇಕೇ ಎಂದು ಆಗ ಕೆಲವರು ಕೇಳಿದರು. ನಿಲ್ಲಬೇಕಾಗಿಲ್ಲ. ಅವಸರದಲ್ಲಿ, ಗಡುವು ಇಟ್ಟುಕೊಂಡು ಕಾದಂಬರಿ ಬರೆಯುವುದು ಆ ಸಂಸ್ಥೆಗಿಂತ ಬಹಳ ಹಳೆಯದು. ದಾಸ್ತಯೆವ್‌ಸ್ಕಿ 'ಜೂಜುಗಾರ'ವನ್ನು 1866ರ ಅಕ್ಟೋಬರಿನಲ್ಲಿ 26 ದಿನಗಳಲ್ಲಿ ಬಾಯಲ್ಲಿ ಹೇಳಿ ಬರೆಸಿ ಮುಗಿಸಿದ. ನವೆಂಬರ್ 1ರೊಳಗೆ ಕೊಡದಿದ್ದರೆ ತನ್ನ ಪುಸ್ತಕಗಳ ಹಕ್ಕೇ ಪ್ರಕಾಶಕನ ಪಾಲಾಗುತ್ತಿತ್ತು. ಆದರೆ ಕಥೆಯ ಯೋಚನೆ ಅವನ ತಲೆಯಲ್ಲಿ ಮೂರು ವರ್ಷದಿಂದ ಇತ್ತು ಎಂಬುದನ್ನೂ ನೆನಪಿಡಬೇಕು. ಕನ್ನಡದಲ್ಲಿ ವಾರಪತ್ರಿಕೆಯ ಧಾರಾವಾಹಿಗಳು ಎಷ್ಟೋ ಲೇಖಕ ಲೇಖಕಿಯರನ್ನು ಇದೇ ರೀತಿ ಗಡುವಿಗೆ ಕಟ್ಟಿಹಾಕಿದ್ದವು.

ನಮ್ಮ ಊರಿನ ಹತ್ತಿರದ ಉದಾಹರಣೆ ತಮಿಳಿನದು. 1990ರ ದಶಕದಲ್ಲಿ ಧರ್ಮಪುರಿಯ ದೂರವಾಣಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ, ಅದಕ್ಕೆ ಮೊದಲು ಕಾಸರಗೋಡಿನಲ್ಲಿದ್ದ ಜಯಮೋಹನ್, 2014ರ ಜನವರಿ 1ರಂದು ಮಹಾಭಾರತವನ್ನು 'ವೆಣ್‌ಮುರಸು' ಎಂಬ ಕಾದಂಬರಿ ಸರಣಿಯಾಗಿ ಬರೆಯಲು ಶುರು ಮಾಡಿ, ದಿನಕ್ಕೊಂದು ಅಧ್ಯಾಯ ಪ್ರಕಟಿಸುತ್ತ, 2020ರ ಜುಲೈನಲ್ಲಿ ಮುಗಿಸಿದರು. 26 ಸಂಪುಟ. ಅಷ್ಟು ಬರೆಯಿರಿ ಎಂದು ಯಾರಿಗೂ ಹೇಳುತ್ತಿಲ್ಲ. ದಿನಾ ಕೂತರೆ ಬರವಣಿಗೆ ಸಾಗುತ್ತದೆ ಎಂಬುದನ್ನು ನಂಬಲು ಈ ಭಾಗದಲ್ಲೇ ಬಾಳಿದ ಒಬ್ಬರ ಹೆಸರು ಸಿಕ್ಕಿತಲ್ಲ, ಅಷ್ಟು ಸಾಕು.

50,000 ಪದದ ಲೆಕ್ಕ ನಮ್ಮದಲ್ಲ

ಮೊದಲ ವರ್ಷ ನಾವು ಮಾಡಿದ ದೊಡ್ಡ ತಪ್ಪು ಇದು. ಇಂಗ್ಲಿಷಿನವರ 50,000ವನ್ನು ಹಾಗೇ ಎತ್ತಿಕೊಂಡು ದಿನಕ್ಕೆ 1,667 ಪದ ಎಂದು ಗೋಡೆಗೆ ಅಂಟಿಸಿದೆವು. ಹತ್ತು ದಿನದೊಳಗೆ ಮುಕ್ಕಾಲು ಜನ ಕೈಬಿಟ್ಟರು. ಆಮೇಲೆ ಕೂತು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. 'ಮನೆಯಲ್ಲಿ' ಎಂಬುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಮೂರು. 'ಹೋಗಲಾರೆನೆಂದು' ಎಂಬ ಒಂದು ಪದಕ್ಕೆ ಅವರಿಗೆ ನಾಲ್ಕೈದು ಪದ ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ನಮ್ಮಲ್ಲಿ ಪದಕ್ಕೇ ಅಂಟಿಕೊಳ್ಳುತ್ತವೆ. ಅದೇ ಕಥೆಗೆ ಕನ್ನಡದಲ್ಲಿ ಪದ ಕಡಿಮೆಯಾಗುವುದು ಸಹಜ.

ಈಗ ನಾವು ಇಟ್ಟುಕೊಂಡಿರುವ ಗುರಿ 30,000 ಪದ, ದಿನಕ್ಕೆ 1,000. ಸಾಧಾರಣ ಅಳತೆಯ ಅಚ್ಚಿನ ಪುಸ್ತಕದಲ್ಲಿ ಇದು 130ರಿಂದ 150 ಪುಟದಷ್ಟಾಗುತ್ತದೆ. ಕೈಬರಹದವರು ಮೊದಲ ದಿನ ತಮ್ಮ ನೋಟ್‌ಬುಕ್ಕಿನ ಒಂದು ಪುಟದ ಪದ ಎಣಿಸಿಕೊಳ್ಳಿ, ಆಮೇಲೆ ಪುಟ ಎಣಿಸಿದರೆ ಸಾಕು. ಪದ ಎಣಿಸುವುದೇ ಹಿಂಸೆ ಎನ್ನುವವರು ಗಡಿಯಾರ ನೋಡಿ ಕೂತುಕೊಳ್ಳಿ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತ ಹತ್ತಾರು ಕಾದಂಬರಿ ಬರೆದ ಆಂಟನಿ ಟ್ರೊಲೊಪ್ ಬೆಳಗಿನ ಜಾವ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ನಮ್ಮವರಲ್ಲಿ ಆ ವೇಗ ಯಾರಿಗೂ ಬಂದಿಲ್ಲ. ಒಂದೂವರೆ ಗಂಟೆಗೆ 1,000 ಪದ ಬಂದರೆ ಚೆನ್ನಾಗಿ ನಡೆಯುತ್ತಿದೆ ಎಂದೇ ಲೆಕ್ಕ.

30,000ವನ್ನೂ ಕಟ್ಟುನಿಟ್ಟು ಮಾಡಿಕೊಳ್ಳಬೇಡಿ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಎಷ್ಟು ತೆಳ್ಳಗಿನ ಪುಸ್ತಕ ಎಂದು ಕೈಯಲ್ಲಿ ಹಿಡಿದವರಿಗೆ ಗೊತ್ತು.

ನವೆಂಬರ್ ಬೇಡ, ಧನುರ್ಮಾಸ ಇರಲಿ

ನವೆಂಬರ್ 1 ನಮಗೆ ರಾಜ್ಯೋತ್ಸವ. ಗಡಿನಾಡಿನ ಸಂಘಗಳಿಗೆ ಅದು ಒಂದು ದಿನದ ಕಾರ್ಯಕ್ರಮವಲ್ಲ. ತಿಂಗಳು ಪೂರ್ತಿ ಒಂದೊಂದು ಊರಿನಲ್ಲಿ ಒಂದೊಂದು ಭಾನುವಾರ ನಡೆಯುತ್ತದೆ. ಬರೆಯಬೇಕಾದವರೇ ಅಲ್ಲಿ ಕುರ್ಚಿ ಹಾಕುವವರು, ಹಾಡುವವರು, ಊಟ ಬಡಿಸುವವರು. ಜೊತೆಗೆ ಹಿಂಗಾರು ಮಳೆ, ಕೆಲವು ವರ್ಷ ದೀಪಾವಳಿಯೂ ಅದೇ ತಿಂಗಳಿಗೆ ಬಂದು ಬೀಳುತ್ತದೆ. ಎರಡನೇ ವರ್ಷ ನಮ್ಮಲ್ಲೊಬ್ಬ ಹಿರಿಯ ಸದಸ್ಯೆ, 'ಹೇಗೂ ಮಾರ್ಗಳಿಯಲ್ಲಿ ನಾಲ್ಕೂವರೆಗೆ ಏಳುತ್ತೇವೆ, ರಂಗೋಲಿ ಹಾಕಿ ಆದ ಮೇಲೆ ಬರೆಯಲು ಕೂತರಾಯಿತು' ಎಂದರು. ಅಲ್ಲಿಂದ ನಾವು ಡಿಸೆಂಬರ್ 16ರ ಸುಮಾರಿಗೆ ಶುರು ಮಾಡಿ ಭೋಗಿಯ ದಿನ ಮುಗಿಸುತ್ತೇವೆ. 29 ಅಥವಾ 30 ದಿನ ಸಿಗುತ್ತದೆ. ಬೀದಿಯೇ ಬೇಗ ಎದ್ದಿರುತ್ತದೆ, ಚಳಿ ಇರುತ್ತದೆ, ಗುಡಿಯಿಂದ ಹಾಡು ಕೇಳುತ್ತಿರುತ್ತದೆ. ಬೇಗ ಏಳುವುದು ಮನೆಯವರ ಕಣ್ಣಿಗೆ ವಿಚಿತ್ರವಾಗಿ ಕಾಣುವುದಿಲ್ಲ, ಹೊಸ ಸದಸ್ಯೆಯರಿಗೆ ಇದು ದೊಡ್ಡ ಅನುಕೂಲ. ಕೆಲಸ ಮಾಡುವ ಶಿಕ್ಷಕರಿಗೆ ಅರ್ಧವಾರ್ಷಿಕ ಪರೀಕ್ಷೆಯ ರಜೆಯೂ ಇದರೊಳಗೆ ಬರುತ್ತದೆ. ರಾತ್ರಿ ಪಾಳಿಯವರಿಗೆ ಮಾತ್ರ ಈ ಏರ್ಪಾಡು ಹೊಂದುವುದಿಲ್ಲ. ಅವರು ತಮ್ಮ ವೇಳೆಯನ್ನು ತಾವೇ ಹುಡುಕಿಕೊಳ್ಳಬೇಕು.

ಭೋಗಿಯ ದಿನ ಹಳೆಯದನ್ನೆಲ್ಲ ಸುಡುವ ಪದ್ಧತಿ ಉಂಟಲ್ಲ, ಒಬ್ಬರು ಬೇಸರದಲ್ಲಿ ತಮ್ಮ ಕರಡನ್ನೂ ಆ ಬೆಂಕಿಗೆ ಹಾಕಲು ಹೋಗಿದ್ದರು. ಅವರ ಸೊಸೆ ಕಿತ್ತುಕೊಂಡು ಒಳಗಿಟ್ಟರು. ಆ ಕರಡು ಈಗಲೂ ಇದೆ.

ಕನ್ನಡ ಪದ ಸಿಗದಿದ್ದಾಗ

ಬೇರೆ ಊರುಗಳ ಬರಹಗಾರರಿಗೆ ಕೊಡುವ ಸಲಹೆಗಳಲ್ಲಿ ಈ ವಿಷಯ ಇರುವುದಿಲ್ಲ. ನಮ್ಮವರು ಬರೆಯುವುದನ್ನು ನಿಲ್ಲಿಸಲು ಕಥೆ ಮುಂದೆ ಹೋಗದಿರುವುದಕ್ಕಿಂತ ಹೆಚ್ಚಾಗಿ ಇದೇ ಕಾರಣವಾಗುತ್ತದೆ.

ನಮ್ಮಲ್ಲಿ ಹೆಚ್ಚಿನವರು ಓದಿದ್ದು ತಮಿಳು ಮಾಧ್ಯಮದಲ್ಲಿ. ಕನ್ನಡ ಮನೆಯಲ್ಲಿ ಆಡುವ ಮಾತು. ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ, ಅಜ್ಜನಿಂದಲೋ ಸಂಘದ ತರಗತಿಯಿಂದಲೋ. ಬರೆಯಲು ಕೂತ ಕೂಡಲೇ ಎರಡು ಭಯ ಹಿಡಿಯುತ್ತವೆ. ಒಂದು ಕಾಗುಣಿತದ ಭಯ. ತಮಿಳು ಲಿಪಿಯಲ್ಲಿ ಕ-ಗ-ಘಗಳಿಗೆ ಬೇರೆಬೇರೆ ಅಕ್ಷರ ಇಲ್ಲದ ಕಾರಣ ಮಹಾಪ್ರಾಣ ಎಲ್ಲಿ ಬರಬೇಕೆಂದು ಕೈಗೆ ಅಭ್ಯಾಸವಾಗಿರುವುದಿಲ್ಲ. ತಿಂಗಳ ಮಟ್ಟಿಗೆ ಈ ಚಿಂತೆಯನ್ನು ಪೂರ್ತಿ ಬಿಟ್ಟುಬಿಡಿ. 'ಭಾಗ್ಯ'ವನ್ನು 'ಬಾಗ್ಯ' ಎಂದು ಬರೆದಿದ್ದರೆ ತಿದ್ದಲು ಅರ್ಧ ನಿಮಿಷ ಸಾಕು, ಅದನ್ನು ಯಾರಾದರೂ ಮಾಡಿಕೊಡುತ್ತಾರೆ. ಆ ಅಧ್ಯಾಯವನ್ನು ನಿಮ್ಮ ಬದಲಿಗೆ ಯಾರೂ ಬರೆದುಕೊಡುವುದಿಲ್ಲ.

ಇನ್ನೊಂದು ಪದದ ಭಯ. ಒಬ್ಬ ಸದಸ್ಯರ ಕಾದಂಬರಿ ಆತ್ತೂರು ಕಡೆಯ ಒಂದು ಸೇಗೊ ಕಾರ್ಖಾನೆಯಲ್ಲಿ ನಡೆಯುತ್ತದೆ. ಸೇಲಂ ಸುತ್ತ ಈ ಉದ್ಯಮ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ತಯಾರಕರ ಸಹಕಾರ ಸಂಘ ಸೇಗೊಸರ್ವ್ 1981ರಿಂದ ಇಲ್ಲೇ ಇದೆ. ಅವರು 'ಜವ್ವರಿಸಿ' ಎಂದು ಬರೆದು, ಇದು ತಮಿಳಾಯಿತು ಎಂದು ಹೊಡೆದುಹಾಕಿ, 'ಸಬ್ಬಕ್ಕಿ' ಎಂದು ಬರೆದು, ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲವಲ್ಲ ಎಂದು ಅದನ್ನೂ ಹೊಡೆದುಹಾಕಿ, ಐದು ದಿನ ಏನೂ ಬರೆಯಲಿಲ್ಲ. ಮರವಳ್ಳಿಯೋ ಮರಗೆಣಸೋ ಎಂಬಲ್ಲಿ ಮತ್ತೆ ಎರಡು ದಿನ. ನೇಯ್ಗೆಯ ಮನೆತನದವರಿಗೂ ಇದೇ ಕಷ್ಟ. ಸೇಲಂನ ದೇವಾಂಗ ಮನೆಗಳಲ್ಲಿ ಮಾತು ಕನ್ನಡವಾದರೂ ನೂಲು ತರುವುದು, ಕೂಲಿ ಮಾತಾಡುವುದು ತಮಿಳಿನಲ್ಲಿ. ಮಗ್ಗ ಎನ್ನುವುದೋ ತರಿ ಎನ್ನುವುದೋ, ಹಾಸು ಎನ್ನುವುದೋ ಪಾವು ಎನ್ನುವುದೋ, ಲಾಳಿಯೋ ನಾಡಾವೋ ಎಂದು ಬೆರಳು ನಿಲ್ಲುತ್ತದೆ.

ನಾವು ಹೇಳುವುದಿಷ್ಟು: ಮೊದಲು ಬಾಯಿಗೆ ಬಂದ ಪದವನ್ನೇ ಬರೆಯಿರಿ, ಕೆಳಗೆ ಒಂದು ಗೆರೆ ಎಳೆಯಿರಿ, ಮುಂದೆ ಹೋಗಿ. ನಿಘಂಟು ತೆಗೆಯಬೇಡಿ, ಗೂಗಲ್ ನೋಡಬೇಡಿ. ತಿಂಗಳು ಮುಗಿದ ಮೇಲೆ ಗೆರೆ ಎಳೆದ ಪದಗಳನ್ನು ಒಟ್ಟಿಗೆ ನೋಡಿ ತೀರ್ಮಾನಿಸಬಹುದು. ಪಾತ್ರಗಳ ಮಾತಿನಲ್ಲಿ ಮನೆಯ ಪದವೇ ಉಳಿಯುವುದು ಸರಿ ಎಂಬುದು ನಮ್ಮ ಅಭಿಪ್ರಾಯ. ನಿರೂಪಣೆಯಲ್ಲಿ ಏನು ಮಾಡಬೇಕು ಎಂಬುದರಲ್ಲಿ ನಮ್ಮಲ್ಲೇ ಎರಡು ಪಕ್ಷ ಇದೆ, ಜಗಳವೂ ಆಗಿದೆ. 1984ರಲ್ಲಿ ಬಂದ 'ಕುಸುಮಬಾಲೆ' ನಂಜನಗೂಡು, ಚಾಮರಾಜನಗರ ಸೀಮೆಯ ಆಡುಮಾತಿನಲ್ಲೇ ನಡೆಯುತ್ತದೆ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ಸೀಮೆಯಿಂದ ಬೆಟ್ಟ ಇಳಿದರೆ ನಮ್ಮ ಕಡೆ.

ನಮ್ಮ ಕನ್ನಡ ಶುದ್ಧವಲ್ಲ, ನಾವು ಬರೆಯಬಹುದೇ ಎಂದು ಕೇಳುವವರಿಗೆ ನೆನಪಿಸುವುದುಂಟು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ನಮಗಾದರೋ ಮನೆಮಾತೇ ಕನ್ನಡ. ಬರೆಯಲು ಇನ್ನೇನು ಅನುಮತಿ ಬೇಕು?

ಎರಡನೇ ವಾರ

ಮೊದಲ ಆರೇಳು ದಿನ ಎಲ್ಲರೂ ಓಡುತ್ತಾರೆ. ತಲೆಯಲ್ಲಿ ಮೊದಲೇ ಇದ್ದದ್ದು ಖರ್ಚಾಗುವುದು ಎಂಟರಿಂದ ಹದಿಮೂರನೇ ದಿನದೊಳಗೆ. ಆಗ ಬರೆದದ್ದನ್ನು ಹಿಂದೆ ತಿರುಗಿಸಿ ಓದುವ ಆಸೆ ಬರುತ್ತದೆ, ಓದಿದರೆ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ. ಓದಬೇಡಿ. ನಿನ್ನೆಯ ಕೊನೆಯ ಎರಡು ಸಾಲು ನೋಡಿ ಶುರು ಮಾಡಿ. ಇವತ್ತು ನಿಲ್ಲಿಸುವಾಗ ನಾಳೆ ಏನು ಬರೆಯಬೇಕೆಂದು ಗೊತ್ತಿರುವ ಜಾಗದಲ್ಲೇ ನಿಲ್ಲಿಸಿ. ಒಂದು ಸಾಲು ಅರ್ಧಕ್ಕೆ ಬಿಟ್ಟರೂ ಆಗುತ್ತದೆ. ನೇಯುವವರು ಹಾಸು ಪೂರ್ತಿ ಮುಗಿಯುವ ಮೊದಲೇ ಹೊಸ ಹಾಸಿನ ಎಳೆಯನ್ನು ಹಳೆಯದಕ್ಕೆ ಜೋಡಿಸಿಕೊಳ್ಳುತ್ತಾರಲ್ಲ, ಹಾಗೆ.

ಕಥೆ ನಿಂತೇ ಹೋದರೆ ಪಾತ್ರಗಳನ್ನು ಬೇರೆ ಜಾಗಕ್ಕೆ ಕಳುಹಿಸಿ. ಎರಿನ್ ಮಾರ್ಗನ್‌ಸ್ಟರ್ನ್ ಎಂಬ ಲೇಖಕಿ ಇಂಥದೇ ಒಂದು ನವೆಂಬರಿನಲ್ಲಿ ಕಥೆ ಬೇಸರ ಬಂದು ತನ್ನ ಪಾತ್ರಗಳನ್ನು ಒಂದು ಸರ್ಕಸ್ಸಿಗೆ ಕಳುಹಿಸಿದರು. ಆಮೇಲೆ ಸರ್ಕಸ್ಸೇ ಕಾದಂಬರಿಯಾಯಿತು. ಹಲವು ವರ್ಷ ತಿದ್ದಿ ಬರೆದ ನಂತರ 2011ರಲ್ಲಿ ಅದು 'ದಿ ನೈಟ್ ಸರ್ಕಸ್' ಎಂದು ಪ್ರಕಟವಾಯಿತು. ನಮ್ಮವರೊಬ್ಬರು ಪಾತ್ರಗಳನ್ನು ಹೊಗೇನಕಲ್‌ಗೆ ಕಳುಹಿಸಿ ಒಂಬತ್ತು ಪುಟ ಮೀನು ಹುರಿಯುವುದನ್ನೇ ಬರೆದರು. ಕಾದಂಬರಿಗೆ ಅದು ಬೇಕಿರಲಿಲ್ಲ, ಆದರೆ ಹತ್ತನೇ ಪುಟಕ್ಕೆ ಕಥೆ ದಾರಿಗೆ ಬಂತು.

ದಿನ ತಪ್ಪಿದವರು ಲೆಕ್ಕ ಹಾಕಿ ನೋಡಿ, ಭಯ ಕಡಿಮೆಯಾಗುತ್ತದೆ. ಹನ್ನೆರಡು ದಿನಕ್ಕೆ 12,000 ಆಗಬೇಕಿತ್ತು, 7,000 ಆಗಿದೆ ಎನ್ನೋಣ. ಉಳಿದದ್ದು 23,000, ಉಳಿದ ದಿನ 18. ದಿನಕ್ಕೆ ಸುಮಾರು 1,280 ಪದ. ಅಂದರೆ ದಿನಕ್ಕೆ ಒಂದೆರಡು ಪುಟ ಹೆಚ್ಚು, ಅಷ್ಟೆ. ತಪ್ಪಿದ 5,000ವನ್ನು ಒಂದೇ ಭಾನುವಾರ ತುಂಬಿಸಲು ಹೋದವರು ಸೋಮವಾರ ಪೆನ್ನು ಮುಟ್ಟಿಲ್ಲ, ಇದನ್ನು ನಾವು ಮೂರು ವರ್ಷವೂ ನೋಡಿದ್ದೇವೆ.

ಎಲ್ಲ ತಪ್ಪಿದ ದಿನವೂ ನಷ್ಟವಲ್ಲ. ಮೆಟ್ಟೂರು ಕಡೆಯ ಒಬ್ಬ ಸದಸ್ಯೆಯ ಅಜ್ಜಿಯ ಊರು ಅಣೆಕಟ್ಟಿನ ನೀರಿನಡಿ ಹೋದ ಊರುಗಳಲ್ಲಿ ಒಂದು. ಅಣೆಕಟ್ಟು ಮುಗಿದದ್ದು 1934ರಲ್ಲಿ. ನೀರು ತೀರಾ ಇಳಿದ ವರ್ಷ ಪಣ್ಣವಾಡಿ ಹತ್ತಿರ ಹಳೆಯ ನಂದಿ, ಇಗರ್ಜಿಯ ಗೋಪುರ ಮೇಲೆ ಕಾಣುವುದನ್ನು ನಿಮ್ಮಲ್ಲಿ ಹಲವರು ಹೋಗಿ ನೋಡಿರುತ್ತೀರಿ. ಇವರು ಬರೆಯುತ್ತಿದ್ದುದು ಆ ಊರು ಬಿಟ್ಟು ಹೊರಟ ವಾರದ ಕಥೆ. ಹತ್ತೊಂಬತ್ತನೇ ದಿನ ಅವರು ಒಂದು ಕಡೆ ನಿಂತರು. ಗಾಡಿಗೆ ಸಾಮಾನು ಹೇರುವಾಗ ಅಜ್ಜಿ ಧಾನ್ಯದ ಗುಡಾಣಕ್ಕೆ ಏನೆನ್ನುತ್ತಿದ್ದಳು, ಹೊಸ್ತಿಲಿಗೆ ಏನು ಹೇಳಿ ಕೈ ಮುಗಿದಳು ಎಂಬುದು ಗೊತ್ತಾಗಲಿಲ್ಲ. ಗೆರೆ ಎಳೆದು ಮುಂದೆ ಹೋಗಿ ಎಂದೇ ನಾವು ಹೇಳಿದೆವು. ಅವರು ಕೇಳಲಿಲ್ಲ. ಬಸ್ಸು ಹತ್ತಿ ಕೊಳತ್ತೂರಿಗೆ ಹೋಗಿ, ಎಂಬತ್ತು ದಾಟಿದ ತಮ್ಮ ದೊಡ್ಡಮ್ಮನ ಜೊತೆ ಮೂರು ದಿನ ಇದ್ದು ಬಂದರು. ಆ ಮಾತುಗಳನ್ನು ಅಜ್ಜಿಯ ಬಾಯಿಂದ ಕೇಳಿದವರಲ್ಲಿ ಈಗ ಉಳಿದಿರುವುದು ಆ ದೊಡ್ಡಮ್ಮ ಒಬ್ಬರೇ. ಮೂರು ದಿನದಲ್ಲಿ ಕಾದಂಬರಿಗೆ ಒಂದು ಪದವೂ ಸೇರಲಿಲ್ಲ, ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಲವತ್ತೆರಡು ಮಾತುಗಳು ಸೇರಿದವು. ಅವರು ಆ ವರ್ಷ 30,000 ಮುಟ್ಟಲಿಲ್ಲ. ನಮ್ಮ ಸಲಹೆಯನ್ನು ನಾವು ಅಂದಿನಿಂದ ಸ್ವಲ್ಪ ಬದಲಾಯಿಸಿದ್ದೇವೆ: ನಿಘಂಟಿನಲ್ಲಿ ಸಿಗುವ ಪದಕ್ಕೆ ನಿಲ್ಲಬೇಡಿ. ವಯಸ್ಸಾದವರ ಬಾಯಲ್ಲಿ ಮಾತ್ರ ಇರುವ ಪದವಾದರೆ ಆ ದಿನವೇ ಹೋಗಿ ಕೇಳಿ.

ಮನೆ, ಫೋನು, ಕರೆಂಟು

ಮನೆಯವರಿಗೆ ಮೊದಲೇ ಹೇಳಿ. ಏನು ಬರೆಯುತ್ತಿದ್ದೀರಿ ಎಂದಲ್ಲ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂದು. ಹೆಂಗಸರಿಗೆ ಆ ಗಂಟೆ ಸಿಗಬೇಕಾದರೆ ಬೆಳಗಿನ ಕಾಫಿಯನ್ನೋ ಮಕ್ಕಳ ಡಬ್ಬಿಯನ್ನೋ ಇನ್ನೊಬ್ಬರು ನೋಡಿಕೊಳ್ಳಲೇಬೇಕು, ಅದನ್ನು ಗಂಡಸರು ಓದಲಿ ಎಂದೇ ಇಲ್ಲಿ ಬರೆದಿದ್ದೇವೆ. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದಾಗ ಅವರಿಗೆ 45 ದಾಟಿತ್ತು. ಹೆಚ್ಚು ಶಾಲೆ ಕಲಿತವರೂ ಅಲ್ಲ. ವಯಸ್ಸಾಯಿತು ಎನ್ನುವ ಸದಸ್ಯೆಯರಿಗೆ ನಾವು ಈ ಹೆಸರನ್ನೇ ಹೇಳುವುದು.

ಫೋನಿನಲ್ಲಿ ಕನ್ನಡ ಧ್ವನಿ ಬರವಣಿಗೆ ಇದೆ, ಬೆರಳು ನೋವಿರುವವರಿಗೆ ಒಳ್ಳೆಯದು. ನಮ್ಮ ಕಡೆಯ ಉಚ್ಚಾರಣೆಯನ್ನು ಅದು ಆಗಾಗ ಬೇರೆಯಾಗಿ ಕೇಳಿಸಿಕೊಳ್ಳುತ್ತದೆ, ತಿಂಗಳ ಮಟ್ಟಿಗೆ ಸಹಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆಯ್ಕೆ ಹಾಕಿಕೊಂಡೇ ಶುರು ಮಾಡಿ. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ದಿನಾ ಮುಗಿಸಿದ ಮೇಲೆ ಕಡತವನ್ನು ನಿಮ್ಮ ಇಮೇಲಿಗೇ ಒಮ್ಮೆ ಕಳುಹಿಸಿಕೊಳ್ಳಿ. ನೋಟ್‌ಬುಕ್ಕಿನವರು ವಾರಕ್ಕೊಮ್ಮೆ ಪುಟಗಳ ಫೋಟೊ ತೆಗೆದಿಡಿ.

ಮುಗಿದ ಮೇಲೆ

ಸಂಕ್ರಾಂತಿಯ ದಿನ ಏನೂ ಅನ್ನಿಸುವುದಿಲ್ಲ. ಪೊಂಗಲ್, ನೆಂಟರು, ಕಬ್ಬು, ಎಲ್ಲ ಇರುತ್ತದೆ. ಮೂರನೇ ದಿನವೋ ನಾಲ್ಕನೇ ದಿನವೋ ಬೆಳಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುತ್ತದೆ, ಮಾಡಲು ಕೆಲಸವಿಲ್ಲ. ಒಂದು ತಿಂಗಳು ಜೊತೆಗಿದ್ದ ಜನ ಏಕಾಏಕಿ ಮನೆ ಖಾಲಿ ಮಾಡಿ ಹೋದ ಹಾಗಿರುತ್ತದೆ. ಬರೆದದ್ದು ಪ್ರಯೋಜನವಿಲ್ಲ ಎಂದೂ ಅನ್ನಿಸುತ್ತದೆ, ಇದಕ್ಕೆ ಪ್ರಶಸ್ತಿ ಬರಬೇಕು ಎಂದೂ ಅನ್ನಿಸುತ್ತದೆ, ಕೆಲವರಿಗೆ ಒಂದೇ ದಿನ ಎರಡೂ. ಇದು ಬಹುತೇಕ ಎಲ್ಲರಿಗೂ ಆಗಿದೆ, ನಮಗೂ ಆಗಿದೆ. ಮುಗಿಸಿದವರಿಗೇ ಇದು ಹೆಚ್ಚು.

ಆಗ ಎರಡು ತಪ್ಪು ನಡೆಯುತ್ತವೆ. ಒಂದು, ಕರಡನ್ನು ಅಂದೇ ವಾಟ್ಸ್ಆಪಿನಲ್ಲಿ ಎಲ್ಲರಿಗೂ ಕಳುಹಿಸುವುದು. ಹೂವಿನ ಚಿತ್ರ, ಕೈಮುಗಿದ ಚಿತ್ರ ಬರುತ್ತವೆ. ಓದಿದವರು ಇಬ್ಬರೂ ಇರುವುದಿಲ್ಲ. ಎರಡು, ಅವಸರದಲ್ಲಿ ಅಚ್ಚು ಹಾಕಿಸುವುದು. ಈ ತಪ್ಪು ಮಾಡಿದವರು ನಾವೇ. ಮೊದಲ ವರ್ಷ ನಮ್ಮಲ್ಲೊಬ್ಬರು ಫೆಬ್ರವರಿಯಲ್ಲೇ ಸ್ವಂತ ಹಣದಲ್ಲಿ 300 ಪ್ರತಿ ಮಾಡಿಸಿದರು. ಕರಡು ತಿದ್ದಿದವರಿಲ್ಲ, ಪಾತ್ರವೊಂದರ ಹೆಸರು ನಡುವೆ ಬದಲಾಗಿದ್ದನ್ನೂ ಯಾರೂ ನೋಡಲಿಲ್ಲ. ಕಟ್ಟುಗಳು ಈಗಲೂ ಅವರ ಮಂಚದಡಿ ಇವೆ, ಮದುವೆಗೆ ಹೋದಾಗ ಉಡುಗೊರೆಯಾಗಿ ಒಂದೊಂದೇ ಖರ್ಚಾಗುತ್ತಿವೆ.

ಕರಡನ್ನು ಕಟ್ಟಿ ಬೀರುವಿನಲ್ಲಿಡಿ. ಕನಿಷ್ಠ ಒಂದು ತಿಂಗಳು, ಆದರೆ ಯುಗಾದಿಯವರೆಗೆ. ಬೆಳಗಿನ ಆ ಹೊತ್ತನ್ನು ಮಾತ್ರ ಪೂರ್ತಿ ಬಿಡಬೇಡಿ. ಒಂದೂವರೆ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ. ಆ ಇಪ್ಪತ್ತು ನಿಮಿಷ ಓದಿ. ಬರೆಯುವ ತಿಂಗಳಲ್ಲಿ ಓದು ನಿಂತೇ ಹೋಗಿರುತ್ತದೆ, ನಮ್ಮ ಊರುಗಳಲ್ಲಿ ಕನ್ನಡ ಪುಸ್ತಕ ಸಿಗುವುದೂ ಕಷ್ಟ. ಮುಂಬೈಯಲ್ಲಿ ನೌಕರಿ ಮಾಡುತ್ತ ಬರೆದ ಯಶವಂತ ಚಿತ್ತಾಲರ 'ಶಿಕಾರಿ' ಓದಿ. ತ್ರಿವೇಣಿಯವರನ್ನು ಓದಿ, 35 ತುಂಬುವ ಮೊದಲೇ ತೀರಿಕೊಂಡ ಆಕೆ ಇಪ್ಪತ್ತರ ಸುಮಾರು ಕಾದಂಬರಿ ಬರೆದಿದ್ದರು. ಓದಲು ಮನಸ್ಸಿಲ್ಲದ ದಿನ ಗೆರೆ ಎಳೆದ ಪದಗಳ ಪಟ್ಟಿ ಮಾಡಿ.

ಬೀರುವಿನಿಂದ ತೆಗೆದ ಮೇಲೆ ಮೊದಲ ಓದನ್ನು ಪೆನ್ನಿಲ್ಲದೆ ಮಾಡಿ. ಎರಡನೇ ಓದು ಗಟ್ಟಿಯಾಗಿ, ಇನ್ನೊಬ್ಬರ ಎದುರಿಗೆ. ಕನ್ನಡ ಎಂ.ಎ. ಮಾಡಿದವರನ್ನೇ ಹುಡುಕಬೇಕಿಲ್ಲ, ನಿಮ್ಮ ಮನೆಯ ಮಾತು ಗೊತ್ತಿರುವ ಹಿರಿಯರು ಸಾಕು. ಅವರು ಅಕ್ಷರ ಓದಲಾರದವರಾದರೂ ಕೇಳಬಲ್ಲರು. ಕೇಳುತ್ತ ಅವರು ಎಲ್ಲಿ ಬೇರೆ ಮಾತು ತೆಗೆಯುತ್ತಾರೋ ಅಲ್ಲಿ ಪುಟದ ಅಂಚಿಗೆ ಒಂದು ಗುರುತು ಹಾಕಿಕೊಳ್ಳಿ. ತಿದ್ದಿ ಬರೆಯುವುದಕ್ಕೆ ತಿಂಗಳ ಗಡುವು ಇಡಬೇಡಿ. ಅದಕ್ಕೆ ಒಂದು ವರ್ಷ ಹಿಡಿದರೆ ಹಿಡಿಯಲಿ.

ಪ್ರಕಟಣೆಯ ವಿಚಾರ ಆಮೇಲಿನದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ; ಅರ್ಜಿ ಕರೆದಾಗ ಆ ವರ್ಷದ ವಯಸ್ಸು, ವಾಸಸ್ಥಳದ ನಿಯಮಗಳನ್ನು ಸರಿಯಾಗಿ ಓದಿಕೊಂಡು ಹಾಕಿ.

ಮುಗಿಸದವರಿಗೆ

ನಮ್ಮಲ್ಲಿ ಮುಗಿಸದವರೇ ಹೆಚ್ಚು. 9,000 ಪದಕ್ಕೆ ನಿಂತವರು ಕೂಟಕ್ಕೆ ಬರಲು ನಾಚಿಕೊಳ್ಳುತ್ತಾರೆ. ದಯವಿಟ್ಟು ಬನ್ನಿ. ಕುವೆಂಪು ಅವರ 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' 1936ರದು, ಎರಡನೇ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ನಡುವಿನ 31 ವರ್ಷ ಅವರು ಸುಮ್ಮನಿರಲಿಲ್ಲ, ಬೇರೆ ಬರೆದರು. 9,000 ಪದದಲ್ಲಿ ಒಂದು ಒಳ್ಳೆಯ ನೀಳ್ಗತೆ ಇರಬಹುದು, ಒಂದು ಮನೆತನದ ನೆನಪು ಇರಬಹುದು. ಹಾಗೆಂದೇ ತಿದ್ದಿ ಇಟ್ಟುಕೊಳ್ಳಿ.

1997ರವರೆಗೆ ಸೇಲಂ ಜಿಲ್ಲೆಯಲ್ಲೇ ಇದ್ದ ನಾಮಕ್ಕಲ್‌ನಲ್ಲಿ ಬಾಳಿದ ಪೆರುಮಾಳ್ ಮುರುಗನ್, ತಮ್ಮ ಕಾದಂಬರಿಯೊಂದರ ಮೇಲಿನ ವಿರೋಧದಿಂದ ನೊಂದು 2015ರ ಜನವರಿಯಲ್ಲಿ ಬರೆಯುವುದನ್ನೇ ಬಿಟ್ಟುಬಿಡುವುದಾಗಿ ಹೇಳಿದ್ದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪಿನ ನಂತರ ಮರಳಿದರು. ಆಮೇಲೆ ಬಂದ ಕಾದಂಬರಿ 'ಪೂನಾಚ್ಚಿ' ಒಂದು ಕಪ್ಪು ಮೇಕೆಯ ಕಥೆ. ಅವರ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ. ಆದರೂ ನಿಂತ ಬರವಣಿಗೆಗೆ ಮರಳುವಾಗ ದೊಡ್ಡದನ್ನೇ ಎತ್ತಿಕೊಳ್ಳಬೇಕೆಂದಿಲ್ಲ ಎಂದು ಹೇಳಬೇಕಾದಾಗ ನಮಗೆ ಆ ಮೇಕೆ ನೆನಪಾಗುತ್ತದೆ.

ಮೆಟ್ಟೂರಿನ ಸದಸ್ಯೆ ಬೇಸಿಗೆಯಲ್ಲಿ ತಮ್ಮ ಮುಗಿಯದ ಕರಡನ್ನು ಹಿಡಿದು ಮತ್ತೆ ಕೊಳತ್ತೂರಿಗೆ ಹೋದರು. ದೊಡ್ಡಮ್ಮ ಎರಡು ಮಧ್ಯಾಹ್ನ ಕೂತು ಕೇಳಿ ಹನ್ನೊಂದು ಮಾತು ತಿದ್ದಿದರಂತೆ, ಗಾಡಿಯ ಎತ್ತಿನ ಬಣ್ಣವೂ ತಪ್ಪು ಎಂದರಂತೆ. ಈ ಧನುರ್ಮಾಸಕ್ಕೆ ಅವರು ಅಲ್ಲಿಂದಲೇ ಮುಂದುವರಿಸುತ್ತಾರೆ.

ಓದಿನ ಕೂಟಕ್ಕೆ ಬರುವವರು ಹತ್ತು ಪುಟಕ್ಕಿಂತ ಹೆಚ್ಚು ತರಬೇಡಿ. ಓದುವ ಮೊದಲು ಕಥೆಯ ಸಾರಾಂಶ ಹೇಳಬೇಡಿ, ಕ್ಷಮೆಯನ್ನೂ ಕೇಳಬೇಡಿ. ಗೆರೆ ಎಳೆದ ಪದಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ತನ್ನಿ, ಅದನ್ನು ಎಲ್ಲರೂ ಸೇರಿ ನೋಡೋಣ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ, ಕುರ್ಚಿ ಮುಂದಿನ ಸಾಲಿನಲ್ಲೇ ಹಾಕಿಸುತ್ತೇವೆ.